ಇಡಿಗಂಟು ಕೈಗೆ ಬಂದ ಮೇಲೆ

ಪ್ರತಿ ವರ್ಷ ಮೇ 31ರಂದು ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಬೀಳ್ಕೊಡುಗೆ ಸಮಾರಂಭಗಳು ಒಂದರ ಹಿಂದೊಂದು ನಡೆಯುತ್ತವೆ. ಬೇರೆ ತಿಂಗಳುಗಳಿಗಿಂತ ಆ ದಿನ ನಿವೃತ್ತರಾಗುವವರು ಹೆಚ್ಚು. ಇದರ ಮೂಲ ಹಳ್ಳಿ ಶಾಲೆಯ ದಾಖಲಾತಿ ಪುಸ್ತಕದಲ್ಲಿದೆ. 1960ರ ದಶಕದಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಜನನ ಪ್ರಮಾಣಪತ್ರ ಇರಲಿಲ್ಲ. ಜೂನ್‌ನಲ್ಲಿ ಶಾಲೆ ತೆರೆದಾಗ ಮಗುವಿನ ಕೈ ಹಿಡಿದು ಬಂದ ಅಪ್ಪನಿಗೆ ಹುಟ್ಟಿದ ತಾರೀಕು ಗೊತ್ತಿರುತ್ತಿರಲಿಲ್ಲ; ಆ ವರ್ಷ ಬಿದ್ದ ಮಳೆಯೋ, ಊರ ಜಾತ್ರೆಯೋ ನೆನಪಿರುತ್ತಿತ್ತು. ಮೇಷ್ಟ್ರು ವಯಸ್ಸು ಸರಿಹೊಂದುವಂತೆ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ಸೇವೆಯಿಂದ ಇಳಿಯಬೇಕು ಎಂಬುದು ನಿಯಮ. ಹೀಗೆ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬವೇ ಅರವತ್ತು ವರ್ಷದ ನಂತರ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿಯಾಗಿ ಬಂದು ನಿಲ್ಲುತ್ತದೆ.

ಸಮಾರಂಭದಲ್ಲಿ ಎಲ್ಲರೂ ಮಾತಾಡುತ್ತಾರೆ. ಪ್ರಾಮಾಣಿಕರು, ಸಮಯಪಾಲಕರು, ಇನ್ನು ಮೊಮ್ಮಕ್ಕಳೊಂದಿಗೆ ಸುಖವಾಗಿರಲಿ ಎನ್ನುತ್ತಾರೆ. ಮುಂದಿನ ಕೆಲವು ವಾರಗಳಲ್ಲಿ ಆ ವ್ಯಕ್ತಿಯ ಖಾತೆಗೆ ಅವರು ಬದುಕಿನಲ್ಲಿ ಕಂಡಿರದಷ್ಟು ದೊಡ್ಡ ಮೊತ್ತ ಬಂದು ಬೀಳಲಿದೆ ಎಂಬುದು ವೇದಿಕೆಯ ಮೇಲಿದ್ದವರಿಗೂ ಕೆಳಗೆ ಕೂತವರಿಗೂ ಗೊತ್ತು. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿವೃತ್ತಿ ಉಪದಾನ, ಜಿಪಿಎಫ್, 300 ದಿನಗಳವರೆಗಿನ ಗಳಿಕೆ ರಜೆಯ ನಗದು, ಕೆಜಿಐಡಿ ಪಾಲಿಸಿಯ ಹಣ, ಪಿಂಚಣಿಯ ಕಮ್ಯುಟೇಶನ್: ಎಲ್ಲ ಸೇರಿದರೆ ಒಬ್ಬ ಪ್ರೌಢಶಾಲಾ ಶಿಕ್ಷಕರಿಗೂ ಹತ್ತಾರು ಲಕ್ಷ ರೂಪಾಯಿಯ ಇಡಿಗಂಟು.

ಈ ಹಣವನ್ನು ಎಲ್ಲಿ ಇಡಬೇಕು ಎಂಬ ಬಗ್ಗೆ ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ಸಲಹೆಗೆ ಬರವಿಲ್ಲ. ಎಫ್‌ಡಿಯೋ, ಅಂಚೆ ಕಚೇರಿಯೋ, ಮ್ಯೂಚುವಲ್ ಫಂಡೋ ಎಂಬ ಚರ್ಚೆ ನಡೆದೇ ಇರುತ್ತದೆ. ಆದರೆ ಅದಕ್ಕೂ ಮುಂಚೆ ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: ಈ ಹಣ ಯಾರದು? ದುಡಿದವರು ತಮ್ಮ ಮನಸ್ಸಿನೊಳಗೆ ಅದನ್ನು ಯಾರ ಹೆಸರಿಗೆ ಬರೆದುಕೊಂಡಿದ್ದಾರೆ? ನಮ್ಮಲ್ಲಿ ಬಹಳಷ್ಟು ಜನ ಅದನ್ನು ಮಗನ ಫ್ಲ್ಯಾಟಿಗೆ, ಮಗಳ ಮದುವೆಗೆ, ಊರ ಮನೆಯ ರಿಪೇರಿಗೆ ಆಗಲೇ ಹಂಚಿಟ್ಟಿರುತ್ತಾರೆ. ತಮ್ಮ ಮುಂದಿನ ಇಪ್ಪತ್ತು ವರ್ಷದ ಊಟ, ಔಷಧಿ ಆ ಪಟ್ಟಿಯ ಕೊನೆಯಲ್ಲಿರುತ್ತದೆ. ಹೂಡಿಕೆ ಎಲ್ಲಿ ಎಂಬುದರಲ್ಲಿ ಆಗುವ ತಪ್ಪಿಗಿಂತ ಈ ಪಟ್ಟಿಯ ಕ್ರಮದಲ್ಲಾಗುವ ತಪ್ಪು ದೊಡ್ಡದು ಎಂದು ನಾನು ನಂಬಿದ್ದೇನೆ.

ಕಡಿತದಲ್ಲೇ ಉಳಿದ ಹಣ

ಈಗ ಅರವತ್ತರ ಹತ್ತಿರ ಇರುವವರು ದುಡ್ಡಿನ ವಿಷಯದಲ್ಲಿ ದಡ್ಡರಲ್ಲ. ಒಂದೇ ಸಂಬಳದಲ್ಲಿ ಮನೆ ನಡೆಸಿ, ಮಕ್ಕಳನ್ನು ಓದಿಸಿ, ತಂದೆತಾಯಿಯ ಕಾಯಿಲೆ ನೋಡಿ, ಮೂವತ್ತು-ನಲವತ್ತು ಅಳತೆಯ ಸೈಟಿನಲ್ಲಿ ಮನೆ ಎಬ್ಬಿಸಿದವರು. ಆದರೆ ಅವರ ಉಳಿತಾಯದ ಬಹುಭಾಗ ಕಡಿತದ ರೂಪದಲ್ಲಿ ಆದದ್ದು. ರಾಜ್ಯ ಸರ್ಕಾರಿ ನೌಕರರ ಸಂಬಳದಿಂದ ಕಡ್ಡಾಯವಾಗಿ ವಿಮೆಗೆ ಹಿಡಿಯುವ ಕೆಜಿಐಡಿ ಮೈಸೂರು ಸಂಸ್ಥಾನದ ಕಾಲದಲ್ಲಿ, 1891ರಲ್ಲಿ ಶುರುವಾದದ್ದು. ಅದರ ಜೊತೆ ಜಿಪಿಎಫ್. ಕಾರ್ಖಾನೆಯಲ್ಲಿದ್ದವರಿಗೆ ಪಿಎಫ್. ಕೈಗೆ ಬಂದ ಮೇಲೆ ಉಳಿಸಿದ್ದು ಕಡಿಮೆ, ಕೈಗೆ ಬರುವ ಮೊದಲೇ ಉಳಿದದ್ದು ಹೆಚ್ಚು. ಅಂಗಡಿ, ಹೋಟೆಲು ಇಟ್ಟವರಿಗೆ ಇದೇ ಕೆಲಸವನ್ನು ಪಿಗ್ಮಿ ಮಾಡಿತು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರಾದ ಟಿ.ಎಂ.ಎ. ಪೈಯವರು ಶುರುಮಾಡಿದ ಆ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು. ಉಳಿಸಬೇಕೆಂಬ ಮನಸ್ಸಿದ್ದರೆ ಸಾಕು, ಮಿಕ್ಕಿದ್ದನ್ನು ವ್ಯವಸ್ಥೆ ನೋಡಿಕೊಳ್ಳುತ್ತಿತ್ತು.

ಬಡ್ಡಿಯೂ ಹಾಗೇ ಕೈಹಿಡಿಯಿತು. 1986ರಿಂದ 2000ದ ಜನವರಿವರೆಗೆ ಪಿಪಿಎಫ್‌ಗೆ ಶೇ 12 ಬಡ್ಡಿ ಇತ್ತು. 1988ರಲ್ಲಿ ಬಂದ ಕಿಸಾನ್ ವಿಕಾಸ ಪತ್ರದಲ್ಲಿ ಇಟ್ಟ ಹಣ ಐದೂವರೆ ವರ್ಷಕ್ಕೆ ಎರಡರಷ್ಟಾಗುತ್ತಿತ್ತು. ಅಂಚೆ ಕಚೇರಿಯಿಂದ ಒಂದು ಕಾಗದ ತಂದು ಬೀರುವಿನಲ್ಲಿಟ್ಟು ಮರೆತರೂ ಹಣ ಬೆಳೆಯುತ್ತಿದ್ದ ಕಾಲ ಅದು. ಅದೇ ಪತ್ರಕ್ಕೆ 2023ರಲ್ಲಿ ನಿಗದಿಯಾದ ಶೇ 7.5ರ ಬಡ್ಡಿಯಲ್ಲಿ ಹಣ ಎರಡರಷ್ಟಾಗಲು 115 ತಿಂಗಳು ಬೇಕು, ಅಂದರೆ ಒಂಬತ್ತು ವರ್ಷ ಏಳು ತಿಂಗಳು. ಮೂವತ್ತರ ವಯಸ್ಸಿನಲ್ಲಿ ಮೊದಲನೆಯ ಲೆಕ್ಕ ಕಲಿತವರು ಅರವತ್ತರಲ್ಲಿ ಎರಡನೆಯದರ ಎದುರು ನಿಂತಿದ್ದಾರೆ. ಬ್ಯಾಂಕಿನವರು ಏಳು ಪರ್ಸೆಂಟ್ ಎಂದಾಗ ಅವರಿಗೆ ಮೋಸ ಹೋದಂತೆ ಅನಿಸುತ್ತದೆ. ಯಾರೋ ಹನ್ನೆರಡು ಕೊಡುತ್ತೇನೆ ಎಂದಾಗ ಅದು ದುರಾಸೆ ಅನಿಸದೆ, ನ್ಯಾಯವಾಗಿ ಸಿಗಬೇಕಾದ ದರವೇ ಮತ್ತೆ ಸಿಕ್ಕಿತು ಅನಿಸುತ್ತದೆ. ಮುಂದೆ ಬರುವ ಎಷ್ಟೋ ನಷ್ಟಗಳ ಬೇರು ಇಲ್ಲಿದೆ.

ಷೇರು, ಮ್ಯೂಚುವಲ್ ಫಂಡುಗಳ ಬಗ್ಗೆ ಇವರಿಗಿರುವ ಅಳುಕಿಗೂ ಕಾರಣ ಉಂಟು. 1964ರಲ್ಲಿ ಶುರುವಾದ ಯುನಿಟ್ ಟ್ರಸ್ಟಿನ ಯುಎಸ್-64 ಯೋಜನೆಯನ್ನು ಜನ ಸರ್ಕಾರವೇ ಹೊಣೆ ನಿಂತ ಠೇವಣಿ ಎಂಬಂತೆ ನಂಬಿದ್ದರು. ನಿವೃತ್ತರ ಹಣ ಅದರಲ್ಲಿ ಬಹಳ ಇತ್ತು. 2001ರ ಜುಲೈನಲ್ಲಿ ಟ್ರಸ್ಟು ಯುನಿಟ್‌ಗಳ ಮಾರಾಟ, ಮರುಖರೀದಿ ನಿಲ್ಲಿಸಿದಾಗ ತಮ್ಮ ಅಪ್ಪಂದಿರು ಪಟ್ಟ ಪಾಡನ್ನು ಇಂದಿನ ನಿವೃತ್ತರು ಕಂಡಿದ್ದಾರೆ. ಅವರ ಅಂಜಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕುವ ಮೂವತ್ತರ ಹರೆಯದ ಸಲಹೆಗಾರರು ಈ ಚರಿತ್ರೆಯನ್ನು ಓದಿಕೊಳ್ಳಬೇಕು.

ಕೇಳದೆ ಬರುವ ಕೋರಿಕೆ

ಹಣ ಬಂತೆಂಬ ಸುದ್ದಿಯನ್ನು ಮನೆಯಲ್ಲಿ ಯಾರೂ ಸಾರುವುದಿಲ್ಲ, ಆದರೂ ಅದು ಎಲ್ಲರಿಗೂ ಗೊತ್ತಾಗುತ್ತದೆ. ಮಗ ಬೆಂಗಳೂರಿನಿಂದ ಬಂದಿರುತ್ತಾನೆ. ಊಟವಾದ ಮೇಲೆ ಮಾತು ತೆಗೆಯುತ್ತಾನೆ. "ಅಪ್ಪಾ, ಬಾಡಿಗೆ ಕಟ್ಟೋ ಬದಲು ಇಎಂಐ ಕಟ್ಟಿದ್ರೆ ಮನೆಯಾದ್ರೂ ನಮ್ದಾಗುತ್ತೆ. ಬ್ಯಾಂಕಿನವ್ರು ಎಂಬತ್ತು ಪರ್ಸೆಂಟ್ ಕೊಡ್ತಾರೆ. ಉಳಿದಿದ್ದಕ್ಕೇ ಸ್ವಲ್ಪ ನೋಡ್ತಿದೀನಿ." ಅವನು ಕೊಡಿ ಎಂದು ಕೇಳಿಯೇ ಇಲ್ಲ. ಕೇಳುವ ಮೊದಲೇ ಅಪ್ಪ ಹೂಂ ಎಂದಿರುತ್ತಾರೆ. ಒಳ್ಳೆಯ ಮಗನೇ ಇವನು, ದುರಾಸೆಯವನಲ್ಲ. ಬೆಂಗಳೂರಿನ ಮನೆಯ ಬೆಲೆ ಅವನ ಸಂಬಳವನ್ನು ಮೀರಿ ಓಡಿದೆ, ಅಪ್ಪನ ಗಂಟೊಂದೇ ಅದನ್ನು ಹಿಡಿಯಬಲ್ಲದು. ಹೀಗೆ ಒಂದು ತಲೆಮಾರಿನ ಪಿಎಫ್ ಹಣ ಇನ್ನೊಂದು ತಲೆಮಾರಿನ ಫ್ಲ್ಯಾಟಿನ ಮುಂಗಡವಾಗಿ ಹೋಗುತ್ತಿದೆ. ಅದಕ್ಕೆ ಪತ್ರವಿಲ್ಲ, ಫ್ಲ್ಯಾಟಿನಲ್ಲಿ ಅಪ್ಪನ ಹೆಸರೂ ಇಲ್ಲ.

ಇದನ್ನು ಬರೆಯುವಾಗ ನನಗೆ ಮಕ್ಕಳ ಮೇಲೆ ಸಿಟ್ಟಿಲ್ಲ. ಕೊಡುವುದರಲ್ಲಿ ಅಪ್ಪ-ಅಮ್ಮನಿಗೆ ಸಿಗುವ ತೃಪ್ತಿ ಸುಳ್ಳಲ್ಲ. ವಯಸ್ಸಾದ ಮೇಲೆ ಮನೆಯಲ್ಲಿ ಮಾತಿಗೆ ಬೆಲೆ ಇರಬೇಕಾದರೆ ಕೊಟ್ಟಿರಬೇಕು ಎಂಬ ಲೆಕ್ಕವೂ ಅದರೊಳಗಿದೆ. ಮಗನನ್ನೇ ಪಿಂಚಣಿ ಎಂದು ನಂಬಿ ಬಾಳಿದ ಸಮಾಜ ನಮ್ಮದು. ಹಾಗಾಗಿ ಅವನಿಗೆ ಕೊಟ್ಟದ್ದು ಖರ್ಚಾಯಿತು ಎಂದು ಹಿರಿಯರಿಗೆ ಅನಿಸುವುದೇ ಇಲ್ಲ, ಇನ್ನೊಂದು ರೀತಿಯ ಠೇವಣಿ ಎಂದೇ ಅನಿಸುತ್ತದೆ. ತೊಡಕು ಇರುವುದು ಅಂಥ ಠೇವಣಿಯನ್ನು ಬೇಕೆಂದಾಗ ವಾಪಸು ಕೇಳಲು ಆಗದಿರುವುದರಲ್ಲಿ. ಮಗ ಇಪ್ಪತ್ತು ವರ್ಷದ ಸಾಲ ತೀರಿಸುತ್ತಿರುವಾಗ, ಅವನದೇ ಮಕ್ಕಳ ಕಾಲೇಜಿನ ಫೀಸು ಎದುರಿಗಿರುವಾಗ, ಎಪ್ಪತ್ತೆರಡರ ಅಪ್ಪನಿಗೆ ಮಂಡಿಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕೇಳುವವರಿಗೂ ಸಂಕಟ, ಕೊಡಲಾಗದವನಿಗೂ ಸಂಕಟ.

ಕಮ್ಯುಟೇಶನ್ ವಿಷಯದಲ್ಲಿ ಈ ಆತುರ ಚೆನ್ನಾಗಿ ಕಾಣುತ್ತದೆ. ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಇಡಿಗಂಟು ಪಡೆಯುವುದು ಕಮ್ಯುಟೇಶನ್. ಬಿಟ್ಟುಕೊಟ್ಟ ಭಾಗ 15 ವರ್ಷದ ನಂತರ ಮರಳುತ್ತದೆ. ಕೇಂದ್ರ ಸರ್ಕಾರಿ ನೌಕರರ ಲೆಕ್ಕವನ್ನೇ ನೋಡಿ. ಅವರು ಪಿಂಚಣಿಯ ಶೇ 40ರವರೆಗೆ ಹೀಗೆ ಬಿಟ್ಟುಕೊಡಬಹುದು. ಅರವತ್ತಕ್ಕೆ ನಿವೃತ್ತರಾದವರಿಗೆ ಅನ್ವಯವಾಗುವ ಗುಣಕ 8.194. ತಿಂಗಳಿಗೆ 10,000 ರೂಪಾಯಿ ಬಿಟ್ಟುಕೊಟ್ಟರೆ ಕೈಗೆ ಬರುವುದು 9,83,280 ರೂಪಾಯಿ. ಹದಿನೈದು ವರ್ಷ ತಿಂಗಳಿಗೆ ಹತ್ತು ಸಾವಿರದಂತೆ ಕಡಿತವಾಗುವುದು 18 ಲಕ್ಷ. ಸಾಲದ ಭಾಷೆಯಲ್ಲಿ ಹೇಳುವುದಾದರೆ ಇದು ಹತ್ತಿರ ಹತ್ತಿರ ಶೇ 9ರ ಬಡ್ಡಿ. ನಡುವೆ ನಿಧನರಾದರೆ ಕಡಿತ ಅಲ್ಲಿಗೆ ನಿಲ್ಲುತ್ತದೆ, ಕುಟುಂಬ ಪಿಂಚಣಿಗೆ ಇದರಿಂದ ಕತ್ತರಿ ಬೀಳುವುದಿಲ್ಲ, ಬಂದ ಮೊತ್ತಕ್ಕೆ ತೆರಿಗೆಯೂ ಇಲ್ಲ. ಆದ್ದರಿಂದ ಕಾಯಿಲೆ ಇರುವವರಿಗೆ, ಮೈಮೇಲೆ ದುಬಾರಿ ಬಡ್ಡಿಯ ಸಾಲ ಇರುವವರಿಗೆ ಇದು ಒಳ್ಳೆಯದೇ ಇರಬಹುದು. ಆದರೆ ಆರೋಗ್ಯವಂತರೊಬ್ಬರು ಪೂರ್ತಿ ಮಿತಿಯವರೆಗೆ ಕಮ್ಯುಟೇಶನ್ ಪಡೆದು, ಆ ಹಣವನ್ನು ಶೇ 7ರ ಎಫ್‌ಡಿಯಲ್ಲಿಟ್ಟು ನೆಮ್ಮದಿಯಿಂದ ಕೂತರೆ ಪ್ರತಿ ತಿಂಗಳೂ ನಷ್ಟ. ಬಹುತೇಕರು ಈ ಲೆಕ್ಕ ಹಾಕುವುದಿಲ್ಲ. ಎಲ್ಲರೂ ತೆಗೆದುಕೊಳ್ಳುತ್ತಾರೆ, ನಾನೂ ಬರೆದುಕೊಟ್ಟೆ ಎನ್ನುತ್ತಾರೆ.

ಅರ್ಥಶಾಸ್ತ್ರಜ್ಞ ಮೆನಾಹೆಮ್ ಯಾರಿ 1965ರಲ್ಲೇ ಈ ಬಗ್ಗೆ ಒಂದು ಸೂತ್ರ ಕೊಟ್ಟಿದ್ದರು. ಎಷ್ಟು ವರ್ಷ ಬದುಕುತ್ತೇವೆಂದು ಯಾರಿಗೂ ಗೊತ್ತಿಲ್ಲದ ಕಾರಣ, ಮಕ್ಕಳಿಗೆ ಬಿಟ್ಟುಹೋಗುವ ಆಸೆ ಇಲ್ಲದವರಿಗೆ ಇಡೀ ಉಳಿತಾಯವನ್ನು ಜೀವನಪರ್ಯಂತದ ಮಾಸಿಕ ವರಮಾನವಾಗಿ ಬದಲಿಸಿಕೊಳ್ಳುವುದೇ ಲಾಭದ್ದು ಎಂದು. ಆದರೂ ಜಗತ್ತಿನ ಎಲ್ಲ ಕಡೆ ಜನ ಗಂಟನ್ನೇ ಬಯಸುತ್ತಾರೆ. ನಮ್ಮಲ್ಲಂತೂ ಆ "ಆಸೆ ಇಲ್ಲದವರು" ಎಂಬ ಷರತ್ತೇ ಅನ್ವಯವಾಗುವುದಿಲ್ಲ.

ಪಿಂಚಣಿ ಇರುವವರ ಸ್ಥಿತಿ ಇದು. ಇಲ್ಲದವರ ಕಡೆ ತಿರುಗಿದರೆ ಚಿತ್ರ ಕಠಿಣವಾಗುತ್ತದೆ. ಪೀಣ್ಯದ ಕಾರ್ಖಾನೆಯಲ್ಲಿ ದುಡಿದವರಿಗೆ 58ಕ್ಕೆ ಸಿಗುವುದು ಇಪಿಎಸ್-95 ಪಿಂಚಣಿ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳಕ್ಕೆ 2014ರಿಂದ ಇರುವ ಮಿತಿ 15,000 ರೂಪಾಯಿ. ಅದನ್ನು ಸೇವಾವರ್ಷದಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಈ ಸೂತ್ರದಲ್ಲಿ 35 ವರ್ಷದ ಸೇವೆಗೂ ಬರುವುದು ತಿಂಗಳಿಗೆ 7,500 ರೂಪಾಯಿ. ಕನಿಷ್ಠ ಪಿಂಚಣಿ ಎಂದು 2014ರಲ್ಲಿ ನಿಗದಿಯಾದದ್ದು 1,000 ರೂಪಾಯಿ. ಇಂಥವರಿಗೆ ಪಿಎಫ್ ಗಂಟೇ ನಿಜವಾದ ಪಿಂಚಣಿ. ಅದನ್ನು ಮಗಳ ಮದುವೆಯ ಛತ್ರಕ್ಕೆ, ಒಡವೆಗೆ ಕೊಟ್ಟುಬಿಟ್ಟರೆ ಮರುದಿನದಿಂದ ಅವರು ಮಕ್ಕಳ ಕೈ ನೋಡಬೇಕು.

ಇನ್ನೊಂದು ಗುಂಪಿನ ಬಗ್ಗೆ ಸಾಕಷ್ಟು ಮಾತಾಗಿಲ್ಲ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದೀಚೆಗೆ ಸರ್ಕಾರಿ ಸೇವೆಗೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ವರ್ಷಾನುಗಟ್ಟಲೆ ಕಾದು ನಲವತ್ತರ ಆಸುಪಾಸಿನಲ್ಲಿ ನೇಮಕ ಪಡೆದ ಶಿಕ್ಷಕರು, ಉಪನ್ಯಾಸಕರು ಈಗ ನಿವೃತ್ತರಾಗುತ್ತಿದ್ದಾರೆ. ಖಾತೆಯಲ್ಲಿ 30 ಲಕ್ಷ ಇದೆ ಎಂದುಕೊಳ್ಳಿ. ನಿಯಮದಂತೆ ಶೇ 40, ಅಂದರೆ 12 ಲಕ್ಷವನ್ನು ಬದುಕಿರುವವರೆಗೆ ತಿಂಗಳ ಹಣ ಕೊಡುವ ಆನ್ಯುಟಿಗೆ ಹಾಕಬೇಕು. ವರ್ಷಕ್ಕೆ ಶೇ 6ರಂತೆ ಸಿಕ್ಕರೆ ತಿಂಗಳಿಗೆ 6,000 ರೂಪಾಯಿ. ಪಕ್ಕದ ಕೊಠಡಿಯಲ್ಲಿ ಅದೇ ಪಾಠ ಮಾಡಿದ, ಹಳೆಯ ಪಿಂಚಣಿಯ ಸಹೋದ್ಯೋಗಿಗೆ ಸೇವೆ ಪೂರ್ತಿಯಾಗಿದ್ದರೆ ಕೊನೆಯ ಮೂಲವೇತನದ ಅರ್ಧ. ಇಬ್ಬರಿಗೂ ಒಂದೇ ಸಮಾರಂಭದಲ್ಲಿ ಪೇಟ ತೊಡಿಸುತ್ತಾರೆ. ಉಳಿದ 18 ಲಕ್ಷವನ್ನು ಎನ್‌ಪಿಎಸ್‌ನವರು ಗಂಟು ಎಂದು ನೋಡಲೇಬಾರದು. ಬಾರದ ಸಂಬಳ ಅದು.

ನಮ್ಮವರು ಎಂಬ ಭರವಸೆ

2019ರ ಜೂನ್‌ನಲ್ಲಿ ಶಿವಾಜಿನಗರದ ಐ ಮಾನಿಟರಿ ಅಡ್ವೈಸರಿ, ಜನರ ಬಾಯಲ್ಲಿ ಐಎಂಎ, ಮುಚ್ಚಿಕೊಂಡಿತು. ಸಾವಿರಾರು ಕುಟುಂಬಗಳ ಹಣ ಅದರೊಳಗಿತ್ತು. ಏಳು ತಿಂಗಳ ಬಳಿಕ, 2020ರ ಜನವರಿಯಲ್ಲಿ, ಬಸವನಗುಡಿಯ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಬಾಗಿಲ ಮುಂದೆ ನೆರೆದವರಲ್ಲಿ ಹಿರಿಯ ನಾಗರಿಕರು ಬಹಳ ಮಂದಿ. ಬಡ್ಡಿಯ ಹಣದಲ್ಲೇ ಔಷಧಿ, ಅಡುಗೆಯವರ ಸಂಬಳ ನಡೆಸುತ್ತಿದ್ದವರು.

ಎರಡೂ ಪ್ರಕರಣಗಳನ್ನು ಅಧಿಕ ಬಡ್ಡಿಯ ಆಸೆ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ. ಐಎಂಎ ಕಡೆ ಹೋದವರಲ್ಲಿ ಅನೇಕರು ಬಡ್ಡಿಯನ್ನು ಮುಟ್ಟಲು ಒಪ್ಪದ, ಧರ್ಮಕ್ಕೆ ಸರಿಯಾದ ಲಾಭದ ಪಾಲು ಸಾಕು ಎಂದ ಮುಸ್ಲಿಂ ಕುಟುಂಬಗಳು. ಅಂಥವರಿಗೆ ಒಪ್ಪಿತವಾದ ದಾರಿಗಳು ನಮ್ಮ ಬ್ಯಾಂಕ್ ವ್ಯವಸ್ಥೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಸವನಗುಡಿಯಲ್ಲಿ ಗುರುಗಳ ಹೆಸರು, ಪರಿಚಿತ ಮುಖಗಳು, ಒಂದೇ ಮಠಕ್ಕೆ ಹೋಗುವ ಜನ. ಎರಡು ಸಮುದಾಯ, ಒಂದೇ ಊರು, ಯೋಚನೆ ಒಂದೇ: ಇವರು ನಮ್ಮವರು, ಮೋಸ ಮಾಡುವುದಿಲ್ಲ. ದೊಡ್ಡ ಬ್ಯಾಂಕಿನಲ್ಲಿ ಟೋಕನ್ ಹಿಡಿದು ನಿಂತ ಹಿರಿಯರನ್ನು ಯಾರೂ ಮಾತಾಡಿಸುವುದಿಲ್ಲ. ಇಲ್ಲಿ ಹೆಸರು ಹಿಡಿದು ಬನ್ನಿ ಕೂತ್ಕೊಳ್ಳಿ ಎನ್ನುತ್ತಾರೆ. ಹತ್ತಿರದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಕನ್ನಡದಲ್ಲಿ ವ್ಯವಹರಿಸುವ, ಮುಖಪರಿಚಯ ಇರುವ ಶಾಖೆಗಳು ಕಡಿಮೆಯಾದಷ್ಟೂ ಹಿರಿಯರು ಪರಿಚಯದ ಸೊಸೈಟಿಗಳತ್ತ ವಾಲುವುದು ಸಹಜ.

ಹಾಗೆ ವಾಲುವವರಿಗೆ ಒಂದು ವ್ಯತ್ಯಾಸ ಗೊತ್ತಿರಲೇಬೇಕು. ಬ್ಯಾಂಕ್ ಠೇವಣಿಗೆ ಪ್ರತಿ ಬ್ಯಾಂಕಿನಲ್ಲಿ, ಪ್ರತಿ ಠೇವಣಿದಾರರಿಗೆ, ಅಸಲು-ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರುವರಿ 4ಕ್ಕೆ ಮೊದಲು ಅದು ಒಂದೇ ಲಕ್ಷ ಇತ್ತು. ನಗರ ಸಹಕಾರ ಬ್ಯಾಂಕುಗಳೂ ಈ ವಿಮೆಗೆ ಸೇರುತ್ತವೆ. ಆದರೆ ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ. ಅವುಗಳಲ್ಲಿಟ್ಟ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಚೆನ್ನಾಗಿ ನಡೆಯುವ ಸಂಘಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ, ಅವುಗಳ ಮೇಲೆ ನನಗೆ ಗೌರವವಿದೆ. ಆದರೂ ನಿವೃತ್ತಿಯ ಗಂಟನ್ನೆಲ್ಲ ಒಂದೇ ಸಂಘದಲ್ಲಿಡುವುದು, ಅದು ಎಷ್ಟೇ ನಮ್ಮವರದಾಗಿರಲಿ, ಬೇಡ.

ವಯಸ್ಸಿನದೂ ಒಂದು ಮಾತಿದೆ, ಹೇಳಲು ಕಷ್ಟವಾದರೂ ಹೇಳಬೇಕು. ಅಮೆರಿಕದ ಸಾಲಗಾರರ ವ್ಯವಹಾರ ನೋಡಿ ಸುಮಿತ್ ಅಗರ್ವಾಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಣಕಾಸಿನ ತಪ್ಪುಗಳು ಅತಿ ಕಡಿಮೆ ಇದ್ದದ್ದು 53ರ ಆಸುಪಾಸಿನ ವಯಸ್ಸಿನಲ್ಲಿ. ಆಮೇಲೆ ಮತ್ತೆ ಏರುತ್ತವೆ. ಮೈಕೆಲ್ ಫಿಂಕೆ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನ ಇನ್ನೂ ಮುಖ್ಯವಾದದ್ದನ್ನು ಹೇಳಿತು: 60ರ ನಂತರ ಹಣಕಾಸಿನ ತಿಳಿವಳಿಕೆಯ ಅಂಕ ವರ್ಷಕ್ಕೆ ಸುಮಾರು ಶೇ 1ರಂತೆ ಇಳಿಯುತ್ತದೆ, ಆದರೆ ತನಗೆ ಗೊತ್ತಿದೆ ಎಂಬ ಆತ್ಮವಿಶ್ವಾಸ ಇಳಿಯುವುದಿಲ್ಲ. ನಮ್ಮ ವ್ಯವಸ್ಥೆ ಜೀವನದ ಅತಿ ದೊಡ್ಡ ಮೊತ್ತವನ್ನು ಸರಿಯಾಗಿ ಈ ಇಳಿಜಾರಿನ ತುದಿಯಲ್ಲಿ ಕೈಗಿಡುತ್ತದೆ. ಸಿಬಿಐ, ಪೊಲೀಸ್ ಎಂದು ಹೇಳಿಕೊಂಡು ವಿಡಿಯೊ ಕರೆಯಲ್ಲಿ ಹೆದರಿಸಿ "ಡಿಜಿಟಲ್ ಅರೆಸ್ಟ್" ಮಾಡುವ ವಂಚಕರಿಗೆ ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರೇ ಸಿಕ್ಕಿಬೀಳುತ್ತಿರುವುದಕ್ಕೆ ದಡ್ಡತನ ಕಾರಣವಲ್ಲ. ಬದುಕಿಡೀ ಸರ್ಕಾರಿ ಮುದ್ರೆಗೆ ಮರ್ಯಾದೆ ಕೊಟ್ಟವರ ವಿಧೇಯತೆಯನ್ನೇ ವಂಚಕರು ಬಳಸಿಕೊಳ್ಳುತ್ತಿದ್ದಾರೆ. ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇರುತ್ತದೆ.

ಮತ್ತೆ ಸಂಬಳ ಮಾಡಿಕೊಳ್ಳುವುದು

ಹಾಗಾದರೆ ಏನು ಮಾಡಬೇಕು? ಮೊದಲು, ಸುಮ್ಮನಿರಬೇಕು. ಹಣ ಬಂದ ಮೂರು ತಿಂಗಳವರೆಗೆ ಯಾರಿಗೂ ಮಾತು ಕೊಡಬಾರದು, ಎಲ್ಲಿಯೂ ಸಹಿ ಹಾಕಬಾರದು. ಅಲ್ಲಿಯವರೆಗೆ ಅದನ್ನು ಬ್ಯಾಂಕಿನ ಅಲ್ಪಾವಧಿ ಎಫ್‌ಡಿಯಲ್ಲಿಟ್ಟರೆ ಒಂದು ಅನುಕೂಲ, ಕೇಳಿದವರಿಗೆ "ಎಫ್‌ಡಿಯಲ್ಲಿದೆ" ಎಂದು ಹೇಳಬಹುದು. ನಮ್ಮ ಸಂಬಂಧಗಳಲ್ಲಿ ಮುರಿಯದ ಎಫ್‌ಡಿಗೆ ಇನ್ನೂ ಒಂದು ಮರ್ಯಾದೆ ಉಳಿದಿದೆ. ಬ್ಯಾಂಕಿನ ಶಾಖೆಯಲ್ಲಿ ನಿಮ್ಮ ಖಾತೆಯ ಮೊತ್ತ ಕಂಡ ಕೂಡಲೇ ಒಳಗೆ ಕರೆದು ಚಹಾ ಕೊಟ್ಟು ವಿಮಾ ಪಾಲಿಸಿ ಮುಂದಿಡುವವರಿಗೂ ಅದೇ ಉತ್ತರ ಸಾಕು. ಎಫ್‌ಡಿ ಎಂದು ತಿಳಿದು ಅರವತ್ತೆರಡನೇ ವಯಸ್ಸಿನಲ್ಲಿ ವರ್ಷವರ್ಷ ಕಟ್ಟಬೇಕಾದ ಪಾಲಿಸಿಗೆ ಸಹಿ ಹಾಕಿದವರ ಗೋಳು ನಮ್ಮ ನಡುವೆ ಹೊಸತಲ್ಲ. ಪಾಲಿಸಿ ಕಾಗದ ಕೈಸೇರಿದ 30 ದಿನದೊಳಗೆ ಬೇಡವೆಂದು ಹಿಂದಿರುಗಿಸಲು ಅವಕಾಶವಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಆಮೇಲಿನ ಕೆಲಸ ಗಂಟನ್ನು ಮತ್ತೆ ಸಂಬಳ ಮಾಡಿಕೊಳ್ಳುವುದು. ಮೂವತ್ತು ವರ್ಷ ತಿಂಗಳ ಲೆಕ್ಕದಲ್ಲಿ ಬದುಕಿದವರಿಗೆ ಅದೇ ಒಗ್ಗುತ್ತದೆ. 2004ರಲ್ಲಿ ಬಂದ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 2023ರ ಏಪ್ರಿಲ್‌ನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಆಗ ನಿಗದಿಯಾದ ಶೇ 8.2 ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಇಟ್ಟ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಗಂಡ-ಹೆಂಡತಿ ಜಂಟಿಯಾಗಿ 15 ಲಕ್ಷ ಇಡಬಹುದು, ಶೇ 7.4ರಂತೆ ತಿಂಗಳಿಗೆ 9,250. ಇವೆರಡರಲ್ಲಿ ಚಾಣಾಕ್ಷತನ ಏನೂ ಬೇಕಿಲ್ಲ.

ಆದರೆ ಇದರಲ್ಲಿ ಒಂದು ಕೊರತೆ ಇದೆ. ಬರುವ ಬಡ್ಡಿ ಹಾಗೇ ಇರುತ್ತದೆ, ಬೆಲೆಗಳು ಇರುವುದಿಲ್ಲ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ ಇಂದು 40,000ದಲ್ಲಿ ನಡೆಯುವ ಮನೆಗೆ ಹನ್ನೆರಡು ವರ್ಷದ ನಂತರ 80,000 ಬೇಕು. ನಮ್ಮ ದೇಶದಲ್ಲಿ 60 ಮುಟ್ಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ, ಹೆಂಗಸರು ಸ್ವಲ್ಪ ಹೆಚ್ಚೇ. ತುಟ್ಟಿಭತ್ಯೆ ಇರುವ ಸರ್ಕಾರಿ ಪಿಂಚಣಿದಾರರಿಗೆ ಬೆಲೆಯೇರಿಕೆಯ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಇಪಿಎಸ್‌ನವರಿಗೆ, ಆನ್ಯುಟಿಯವರಿಗೆ ಆ ರಕ್ಷಣೆ ಇಲ್ಲ. ಆದ್ದರಿಂದ ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಒಂದು ಸಣ್ಣ ಪಾಲನ್ನು ಬೆಳೆಯುವ ಕಡೆ, ಅಂದರೆ ಷೇರುಗಳಲ್ಲಿ ತೊಡಗಿಸುವ ಸಾಧಾರಣ ಇಂಡೆಕ್ಸ್ ಫಂಡಿನಂಥದ್ದರಲ್ಲಿ, ಇಡುವ ಧೈರ್ಯವನ್ನು ಅವರೇ ಹೆಚ್ಚು ಮಾಡಬೇಕು. ಅಳುಕು ಹೆಚ್ಚಿರುವುದೂ ಅವರಿಗೇ.

ಆಸ್ಪತ್ರೆಯ ಖರ್ಚಿಗೆ ಬೇರೆ ಏರ್ಪಾಡು ಬೇಕೇ ಬೇಕು. ಖಾಸಗಿ ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನ ಮುಗಿಯುತ್ತದೆ, ಹಾಗಾಗಿ ಸ್ವಂತ ಪಾಲಿಸಿಯನ್ನು ನಿವೃತ್ತಿಗೆ ಮೂರು ವರ್ಷ ಮುಂಚೆಯೇ ಮಾಡಿಸಬೇಕು. ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ವಿಮಾ ಕಂಪನಿ ಹಾಕಬಹುದಾದ ಕಾಯುವ ಅವಧಿ 2024ರಿಂದ ಗರಿಷ್ಠ ಮೂರು ವರ್ಷ. ಕೆಲಸದಲ್ಲಿರುವಾಗಲೇ ಅದು ಕಳೆದುಹೋಗುತ್ತದೆ.

ಬೀರುವಿನ ಕೀಲಿ

ಇಷ್ಟು ಹೊತ್ತು ಅಪ್ಪ ಎಂದೇ ಬರೆದೆ. ಮನೆಮನೆಗಳಲ್ಲಿ ಹಣದ ನಿರ್ಧಾರ ಈಗಲೂ ಹಾಗೆಯೇ ನಡೆಯುತ್ತದೆ. ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಎಷ್ಟು ಎಫ್‌ಡಿ ಇದೆ, ಯಾವ ಬ್ಯಾಂಕಿನಲ್ಲಿದೆ, ಯಾರಿಗೆ ಸಾಲ ಕೊಟ್ಟಿದ್ದಾರೆ ಎಂಬುದು ಗೊತ್ತಿಲ್ಲದೆ ಹಳೆಯ ಡೈರಿ ಹುಡುಕುವ ಪಾಡು ಎಷ್ಟು ಮನೆಗಳದ್ದು! ಸ್ವಂತ ನೌಕರಿ ಮಾಡಿ, ಸ್ವಂತ ಪಿಂಚಣಿ ಪಡೆಯುವ ಶಿಕ್ಷಕಿಯರ, ನರ್ಸುಗಳ ಎಟಿಎಂ ಕಾರ್ಡು ಗಂಡನ ಬಳಿಯೋ ಮಗನ ಬಳಿಯೋ ಇರುವುದೂ ಅಪರೂಪವಲ್ಲ. "ನಂಗೇನ್ ಗೊತ್ತಾಗುತ್ತೆ, ಅವ್ರೇ ನೋಡ್ಕೋತಾರೆ" ಎನ್ನುತ್ತಾರೆ. ಇಡೀ ತರಗತಿಗೆ ಲೆಕ್ಕ ಹೇಳಿಕೊಟ್ಟವರು.

ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ, ಗಂಡನಿಗಿಂತ ಕೆಲವು ವರ್ಷ ಚಿಕ್ಕವರೂ ಆಗಿರುತ್ತಾರೆ. ಅಂದರೆ ಗಂಟಿನ ಕೊನೆಯ ಎಂಟು-ಹತ್ತು ವರ್ಷ ಅದನ್ನು ನಡೆಸಬೇಕಾದವರು ಅವರೇ. ಕುಟುಂಬ ಪಿಂಚಣಿ ಸಾಮಾನ್ಯ ದರದಲ್ಲಿ ಕೊನೆಯ ವೇತನದ ಶೇ 30, ಗಂಡನ ಪಿಂಚಣಿಗಿಂತ ಕಡಿಮೆ. ಮನೆಯ ಖರ್ಚು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆದ್ದರಿಂದ ನಿವೃತ್ತಿ ಕಾಗದಗಳನ್ನು ಭರ್ತಿ ಮಾಡುವ ದಿನ ಇಬ್ಬರೂ ಕೂತು ಮಾಡಲಿ. ಪಿಂಚಣಿ ಪಾವತಿ ಆದೇಶದಲ್ಲಿ (ಪಿಪಿಒ) ಹೆಂಡತಿಯ ಹೆಸರು, ಹುಟ್ಟಿದ ತಾರೀಕು ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಲಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ವಿಧವೆಯರು ತಿಂಗಳುಗಟ್ಟಲೆ ಖಜಾನೆಗೆ ಅಲೆಯಬೇಕಾಗುತ್ತದೆ. ನವೆಂಬರಿನಲ್ಲಿ ಕೊಡುವ ಜೀವಿತ ಪ್ರಮಾಣಪತ್ರವನ್ನು 2014ರಿಂದ ಮನೆಯಲ್ಲೇ ಕೂತು ಡಿಜಿಟಲ್ ಆಗಿ ಸಲ್ಲಿಸಬಹುದು. ಅದನ್ನು ಹೆಂಡತಿಯೂ ಒಮ್ಮೆ ಕೈಯಾರೆ ಮಾಡಿ ಕಲಿತಿರಲಿ. ಬ್ಯಾಂಕ್ ಖಾತೆಗೆ 2025ರ ನವೆಂಬರ್‌ನಿಂದ ನಾಲ್ವರವರೆಗೆ ನಾಮಿನಿ ಹೆಸರಿಸಬಹುದು. ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವರು, ಒಡೆಯರಲ್ಲ.

ಬರೆದುಕೊಡುವ ಮೊದಲು

ಕೊನೆಗೆ ಮನೆ. ಮಧ್ಯಮವರ್ಗದ ಹಿರಿಯರ ಆಸ್ತಿಯಲ್ಲಿ ಅತಿ ದೊಡ್ಡದು ಅದೇ. ಕೋಟಿ ಬೆಲೆಯ ಮನೆಯಲ್ಲಿ ಕೂತು ತಿಂಗಳ ಔಷಧಿಗೆ ಲೆಕ್ಕ ಹಾಕುವವರು ಜಯನಗರ, ಮಲ್ಲೇಶ್ವರ, ಕುವೆಂಪುನಗರಗಳಲ್ಲಿ ಕಡಿಮೆಯಿಲ್ಲ. ಮನೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟು, ಅದರಲ್ಲೇ ವಾಸವಿದ್ದು, ಬದುಕಿರುವವರೆಗೆ ಸಾಲ ತೀರಿಸಬೇಕಾಗಿಲ್ಲದೆ ತಿಂಗಳ ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ 2007ರಲ್ಲೇ ಬಂತು. ಅದು ಚಲಾವಣೆಗೇ ಬರಲಿಲ್ಲ ಎನ್ನಬಹುದು. ನಿಯಮಗಳ ತೊಡಕಿಗಿಂತ ಮನಸ್ಸಿನ ತೊಡಕು ದೊಡ್ಡದಿತ್ತು. ಮನೆಯನ್ನು ತಿನ್ನುವುದು ಮಕ್ಕಳ ಅನ್ನ ತಿಂದಂತೆ ಎಂದು ಹಿರಿಯರಿಗೆ ಅನಿಸುತ್ತದೆ. ಅಮೆರಿಕದಲ್ಲಿ ನೆಲೆಸಿ, ಈ ಮನೆಗೆ ಎಂದೂ ಮರಳದ ಮಕ್ಕಳಿದ್ದರೂ ಹಾಗೇ ಅನಿಸುತ್ತದೆ.

ಇದರ ಇನ್ನೊಂದು ತುದಿ, ಬದುಕಿರುವಾಗಲೇ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವುದು. ಮುಂದೆ ಜಗಳ ಆಗಬಾರದು ಎಂಬ ಒಳ್ಳೆಯ ಉದ್ದೇಶ. ಆದರೆ ದಾನಪತ್ರ ನೋಂದಣಿಯಾದ ಗಳಿಗೆಯಿಂದ ಮನೆ ನಿಮ್ಮದಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಮಕ್ಕಳು ನೋಡಿಕೊಳ್ಳದಿದ್ದರೆ ಹಿಂಪಡೆಯಲು ದಾರಿ ಕೊಟ್ಟಿದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಕೊಡಬೇಕು. ಅಂಥ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಎಪ್ಪತ್ತೈದನೇ ವಯಸ್ಸಿನಲ್ಲಿ ಹೆತ್ತ ಮಗನ ವಿರುದ್ಧ ಅರ್ಜಿ ಹಿಡಿದು ಉಪವಿಭಾಗಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತುವ ಸ್ಥಿತಿ ಯಾರಿಗೂ ಬರಬಾರದು. ಅದಕ್ಕಿಂತ ಉಯಿಲು ಸರಳ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ನಿಮ್ಮ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಆ ಸಾಕ್ಷಿಗಳು ಆಸ್ತಿ ಪಡೆಯುವವರಾಗಿರಬಾರದು. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ನೀವಿರುವವರೆಗೆ ಮನೆ ನಿಮ್ಮದೇ, ನಿಮ್ಮ ನಂತರ ನಿಮ್ಮ ಹೆಂಡತಿ ಅಥವಾ ಗಂಡ ಇರುವಷ್ಟು ಕಾಲ ಅವರದು, ಆಮೇಲೆ ಮಕ್ಕಳದು ಎಂದು ಅದರಲ್ಲಿ ಬರೆಯಬಹುದು. ಮನಸ್ಸು ಬದಲಾದರೆ ಹರಿದು ಹೊಸದು ಬರೆಯಬಹುದು, ನೋಂದಣಿ ಮಾಡಿಸಿದ್ದರೂ ಸರಿ. ದಾನಪತ್ರದಲ್ಲಿ ಇದಾವುದೂ ಸುಲಭವಿಲ್ಲ.